ಎಂಜಿನ್ನಿಗೂ ಕೊಸರು

ಎಂಜಿನ್ ಬಿಚ್ಚುವವನ ಬದುಕಿನಲ್ಲಿ ನಗುವಿಗೆ ಬರವಿಲ್ಲ. ಸೋಲಾಪುರದ ಅಕ್ಕಲಕೋಟೆ ರಸ್ತೆಯಲ್ಲಿ ನನ್ನ ಗ್ಯಾರೇಜು. ಕೆಟ್ಟ ಗಾಡಿ ಬರುತ್ತದೆ, ಅದರ ಹಿಂದೆ ಮಾಲೀಕರು ಬರುತ್ತಾರೆ. ಗಾಡಿಯನ್ನು ಹೇಗೋ ಸರಿ ಮಾಡುತ್ತೇನೆ. ಮಾಲೀಕರ ನಟ್ಟು ಬಿಗಿದು ಸರಿ ಮಾಡುವ ಪಾನಾ ಮಾತ್ರ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಸಿಗದಿದ್ದರೇ ಚೆಂದ ಅನ್ನಿಸಿದ್ದು ಈ ಒಬ್ಬರಿಂದ.

ವಡಾಪಿನ ಲೆಕ್ಕ

ನಾಗಣಸೂರಿನಲ್ಲಿ ಕುರಿ ಸಾಕುವವರು, ನನಗಿಂತ ಹಿರಿಯರು. ಅಣ್ಣಾ ಎಂದೇ ಕರೆಯುತ್ತೇನೆ. ತಮ್ಮಪ್ಪನ ಕಾಲದ ಮೋಟಾರ್‌ಸೈಕಲ್ಲನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಹಿಂದೊಮ್ಮೆ ವಳಸಂಗದ ಹತ್ತಿರ ಗಾಡಿ ನಿಂತುಬಿಟ್ಟು, ಹೊಸ ಸೀರೆ ಉಟ್ಟಿದ್ದ ಅವರ ಹೆಂಡತಿ, ಅಂದರೆ ನಮ್ಮ ವೈನಿ, ಹಿಂದಿನಿಂದ ನೂಕಬೇಕಾಗಿ ಬಂದಿತ್ತಂತೆ. ಇನ್ನು ಮೇಲೆ ಈ ಗಾಡಿ ಹತ್ತುವುದಿಲ್ಲ ಎಂದು ವೈನಿ ಅವತ್ತೇ ಆಣೆ ಹಾಕಿದ್ದರು.

"ಮಿಸ್ತ್ರಿಯವರ, ಆಕಿನ್ನ ಇದರ ಮ್ಯಾಲೇ ಕುಂದರ್ಸಿ ಅಕ್ಕಲಕ್ವಾಟಿಗೆ ದರ್ಶನಕ್ಕ ಒಯ್ಯಬೇಕು. ಎಂಜಿನ್ ಹಂಗ ಕಟ್ಟಿಕೊಡ್ರಿ. ನಮ್ಮ ಅಳಿಯಾ ಮೊಬೈಲ್‌ನ್ಯಾಗ ನೋಡ್ಯಾನ, ಕಂಪ್ರೆಷನ್ ರೇಶೋ ಹನ್ನೊಂದು ಮಾಡಸು ಅಂದಾನ."

ಹಳೇ ಎಂಜಿನ್, ಹನ್ನೊಂದು ತಡೆಯುವುದಿಲ್ಲ, ಎಂಟು ಸಾಕು ಎಂದೆ. ಹಾಗಂದರೇನು ಎಂದರು.

"ಪಿಸ್ಟನ್ ಕೆಳಗ ಇದ್ದಾಗ ಎಷ್ಟು ಜಾಗ, ಮ್ಯಾಲ ಬಂದಾಗ ಉಳಿಯೂದು ಎಷ್ಟು, ಅದರ ಲೆಕ್ಕ ಅಣ್ಣಾ. ಎಂಟು ಅಂದ್ರ, ಎಂಟು ಮಂದಿ ಕೂಡೂ ಜಾಗದಾಗಿನ ಗಾಳಿನ್ನ ಒಬ್ಬಾಂವ ಕೂಡೂ ಜಾಗದಾಗ ಒತ್ತೂದು."

ಅಣ್ಣ ಗಲ್ಲ ಕೆರೆದುಕೊಂಡರು. "ನಮ್ಮೂರಾಗ ಮಂದಿ ತುಂಬಕೊಂಡು ಹೋಗೂ ವಡಾಪ್ ಜೀಪಿನಾಂವ ದಿನಾ ಹತ್ತಕ್ಕ ಒಂದು ಒತ್ತತಾನ. ಅದೂ ಎಂಜಿನ್ ಬಿಚ್ಚದನ!"

ಪಿಚಕಾರಿ

ಲೆಕ್ಕ ಹಾಕಬೇಕಾದರೆ ಮೊದಲು ಎಂಜಿನ್ನಿನ ಹೆಡ್ಡು, ಅಂದರೆ ಪಿಸ್ಟನ್ನಿನ ಮೇಲಿನ ಮುಚ್ಚಳ, ಅಳೆಯಬೇಕು. ಅದನ್ನು ಬೋರಲು ಹಾಕಿ, ಅದರ ಗುಂಡಿಯ ಮೇಲೆ ತೂತಿರುವ ಗಾಜು ಗ್ರೀಸಿನಿಂದ ಅಂಟಿಸಿ, ತೂತಿನಲ್ಲಿ ಡೀಸೆಲ್ ಬಿಡಬೇಕು. ಎಷ್ಟು ಹಿಡಿಯಿತೋ ಅಷ್ಟು ಜಾಗ. ಆದರೆ ನನ್ನ ಅಳತೆಯ ಗಾಜಿನ ನಳಿಗೆ ಅವತ್ತೇ ಒಡೆದಿತ್ತು.

"ಅದಕ್ಯಾಕ ಚಿಂತಿ?" ಎಂದು ಅಣ್ಣ ಚೀಲದಿಂದ ದೊಡ್ಡದೊಂದು ಪಿಚಕಾರಿ ತೆಗೆದರು. ಕುರಿಗಳಿಗೆ ಔಷಧಿ ಕುಡಿಸುವುದು. ಗೆರೆಗಳೆಲ್ಲ ಸರಿಯಾಗಿದ್ದವು. ಅಳೆದೆವು, ರೇಶೋ ಆರೂವರೆ ಬಂತು. ಹೆಡ್ಡಿನ ಅಂಚನ್ನು ಲೇಥಿನಲ್ಲಿ ಒಂದಿಷ್ಟು ಹೆರೆಸಿ ತೆಗೆಸಿದರೆ ಗುಂಡಿ ಸಣ್ಣದಾಗಿ ಎಂಟಾಗುತ್ತದೆ ಎಂದು ಅಣ್ಣನನ್ನು ಖುಷಿಯಿಂದ ಊರಿಗೆ ಕಳಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಫೋನು. "ಪಿಚಕಾರಿ ಎಷ್ಟು ತೊಳದ್ರೂ ಡೀಸೆಲ್ ವಾಸನಿ ಹೋಗವಲ್ದು ಮಿಸ್ತ್ರಿಯವರ. ಕುರಿ ನನ್ನ ಕಂಡ್ರ ಓಡಾಕತ್ತಾವ. ಮದಲ ಮನ್ಯಾಗ ಹೆಂಡ್ತಿ ನನ್ನ ನಂಬವಲ್ಲಳು, ಈಗ ಕುರಿನೂ ನಂಬವಲ್ಲವು!"

ಬೀರೋಬಾನ ಕೆಲಸ

ಲೇಥಿಗೆ ಕಳಿಸುವ ಮುಂಚೆ ಇನ್ನೊಮ್ಮೆ ಅಳೆದುಬಿಡೋಣವೆಂದು ಹೊಸ ನಳಿಗೆ ತಂದೆ. ಹೆಡ್ಡಿಗೆ ಗಾಜು ಅಂಟಿಸಿಟ್ಟು ಚಹಾಕ್ಕೆ ಹೋದೆ. ಬಂದು ಡೀಸೆಲ್ ಬಿಟ್ಟರೆ ಕಡಿಮೆ ಹಿಡಿಯಿತು. ಲೆಕ್ಕ ಹಾಕಿದರೆ ಎಂಟು! ತೆಗೆಸುವ ಮುಂಚೆಯೇ ಎಂಟು ಹೇಗಾಯಿತು? ಮತ್ತೆ ಲೆಕ್ಕ ಹಾಕಿದೆ, ಮತ್ತೂ ಎಂಟೇ. ನನ್ನ ವಿದ್ಯೆಯ ಮೇಲೆ ನನಗೇ ಅನುಮಾನ ಬಂತು.

ಗಾಜು ಎತ್ತಿ ನೋಡಿದರೆ ಗುಂಡಿಯ ತಳದಲ್ಲಿ ಹಳದಿ ಕೆಸರು. ಅಣ್ಣ ಅಲ್ಲೇ ಬಾಗಿಲಲ್ಲಿ ಕೈ ಮುಗಿದುಕೊಂಡು ನಿಂತಿದ್ದರು. ನಾನು ಚಹಾಕ್ಕೆ ಹೋದಾಗ ಬಂದು, ತಮ್ಮ ಕುಲದೇವರು ಬೀರೋಬಾನ ಭಂಡಾರದ ಅರಿಶಿನಪುಡಿಯನ್ನು ಅದರೊಳಗೆ ತುಂಬಿ, ಗಾಜು ಮೊದಲಿನಂತೆಯೇ ಮುಚ್ಚಿದ್ದರು.

"ಭಂಡಾರ ಹಣಿಗೆ ಹಚ್ಚತಾರ ಅಣ್ಣಾ, ಹೊಟ್ಟ್ಯಾಗ ತುಂಬಂಗಿಲ್ಲ!" ಎಂದು ತೊಳೆಯತೊಡಗಿದೆ.

ಅವರಿಗೆ ನಿಜವಾಗಿಯೂ ಬೇಸರವಾಯಿತು. "ಲೇಥ್ ಇಲ್ಲದನ ದೇವ್ರು ಎಂಟು ಮಾಡಿ ಕೊಟ್ಟಿದ್ದ. ನೀವು ತೊಳದು ಮತ್ತ ಆರೂವರಿಗೆ ಇಳಸಿದ್ರಿ!"

ಸಂತೆಯ ಚಟ

ಎಷ್ಟು ತೆಗೆಯಬೇಕೋ ಅಷ್ಟಕ್ಕೆ ಹೆಡ್ಡಿನ ಮೇಲೆ ಗೆರೆ ಕೊರೆದು, ಲೇಥಿಗೆ ಅಣ್ಣನ ಕೈಯಲ್ಲೇ ಕಳಿಸಿದೆ. ಅದೇ ನನ್ನ ಬುದ್ಧಿಗೇಡಿತನ. ಮೆಂತ್ಯ ಕೊಂಡರೂ ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಸಂತೆ ಬಿಟ್ಟವರಲ್ಲ ಅವರು. ಲೇಥಿನವನು ಗೆರೆಗೆ ಸರಿಯಾಗಿ ತೆಗೆದು ನಿಲ್ಲಿಸಿದನಂತೆ. ಅಣ್ಣ ಮರಾಠಿಯಲ್ಲಿ "ಅಜೂನ್ ಥೋಡಂ ಘ್ಯಾ ಭಾವು," ಇನ್ನೂ ಸ್ವಲ್ಪ ತೆಗೀರಿ ಎಂದು ಗಂಟುಬಿದ್ದು ಅವನ ಕೈಯಿಂದ ಮತ್ತಷ್ಟು ಕೊರೆಸಿ, ಗೆದ್ದವರಂತೆ ಬಂದರು.

ಅಳೆದೆ. ಒಂಬತ್ತೂವರೆ.

"ಅಣ್ಣಾ, ಕೊಸರು ಅಂದ್ರ ಹಾಕಸ್ಕೋತಾರ. ನೀವು ತಗಸ್ಕೊಂಡು ಬಂದೀರಲ್ರಿ!"

ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ತರಿಸಿ ಹಾಕಿ ರೇಶೋ ಇಳಿಸುತ್ತೇನೆ, ನಾಲ್ಕು ದಿನ ತಡೆಯಿರಿ ಎಂದೆ. ಅವರ ಮುಖ ಬಾಡಿತು. "ನಾಳಿ ಗುರುವಾರ, ದರ್ಶನದ ದಿನ. ಇದೊಂದು ಸಲ ನೋಡ್ತೀನಿ ಅಂತ ಆಕಿ ಹೂಂ ಅಂದಾಳ. ನಾಳಿ ತಪ್ಪಿದ್ರ ಮುಗೀತು." ಆ ಮುಖ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ. ಎಂಜಿನ್ ತಡೆದೀತು, ಆದರೆ ಕಿಕ್ ಬಿಗಿಯಾಗುತ್ತದೆ ಎಂದು ಎಚ್ಚರಿಸಿದೆ.

"ಟಗರ ಕೋಡ ಹಿಡದು ಕೆಡವಿದಾಂವ ನಾ. ಕಿಕ್ ಯಾವ ಲೆಕ್ಕ?"

ಗುರುವಾರ

ಜೀವ ತಡೆಯದೆ ಗಾಡಿಯ ಜೊತೆ ನಾನೂ ನಾಗಣಸೂರಿಗೆ ಹೋದೆ. ವೈನಿ ಹಸಿರು ಸೀರೆ ಉಟ್ಟು, ಹೂಕಾಯಿಯ ಚೀಲ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. "ಮದಲ ಮೆಲ್ಲಕ ಒತ್ರಿ. ಬಿಗಿ ಹತ್ತತೈತಿ. ಆ ಬಿಗಿ ದಾಟಿಸಿ, ಕಿಕ್ ಮ್ಯಾಲ ಬಿಟ್ಟು, ಆಮ್ಯಾಲ ಒಮ್ಮೆಲೆ ಒದೀರಿ" ಎಂದು ಬಿಡಿಸಿ ಹೇಳಿದೆ.

ಅಣ್ಣ ಕೇಳಿಸಿಕೊಳ್ಳದೆ ಮೀಸೆ ತಿರುವಿ ಒದ್ದರು. ಕಿಕ್ಕು ಟಗರಿನಂತೆ ತಿರುಗಿ ಹಾಯಿತು. ಅಣ್ಣ ಹಾರಿ ಹುಲ್ಲಿನ ಬಣವೆಗೆ ಒರಗಿದರು. ಮೊಬೈಲ್ ನೋಡಿದ್ದ ಅಳಿಯ ಮುಂದೆ ಬಂದ, ಒಂದು ಚಪ್ಪಲಿ ಕಳೆದುಕೊಂಡು ಹಿಂದೆ ಹೋದ. ಅಷ್ಟರಲ್ಲಿ ರಸ್ತೆಯಲ್ಲಿ ವಡಾಪ್ ಜೀಪಿನ ಹಾರ್ನ್ ಕೇಳಿಸಿತು. ವೈನಿ ಅತ್ತ ತಿರುಗಿದರು. ಅಣ್ಣನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ವೈನಿ ಎರಡು ಹೆಜ್ಜೆ ಇಟ್ಟವರು ನಿಂತರು. ತಿರುಗಿ ಬಂದು ಚೀಲವನ್ನು ಗಂಡನ ಕೈಗೆ ಕೊಟ್ಟರು, ನೆರಿಗೆ ಸಿಕ್ಕಿಸಿಕೊಂಡರು. ಮೆಲ್ಲಗೆ ಒತ್ತಿದರು, ಬಿಗಿ ದಾಟಿಸಿದರು, ಒದ್ದರು. ಒಂದೇ ಏಟಿಗೆ ಗಾಡಿ ಗುಡುಗಿತು. ಊರಿನ ನಾಯಿಗಳೆಲ್ಲ ಬೊಗಳಿದವು. ಇಬ್ಬರೂ ಅಕ್ಕಲಕೋಟೆಗೆ ಹೋದರು, ವೈನಿ ಹಿಂದೆ ಕೂತು.

ತಿಂಗಳ ಮೇಲೆ ಇಬ್ಬರೂ ಗ್ಯಾರೇಜಿಗೆ ಬಂದರು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಆ ದಪ್ಪ ಗ್ಯಾಸ್ಕೆಟ್ ಹಾಕಿ ಇಳಿಸಿಬಿಡ್ರಿ. ಆಕಿ ಕಾಲ ಬಿಟ್ರ ಯಾರ ಕಾಲಿಗೂ ಚಾಲೂ ಆಗವಲ್ದು. ಚಹಾ ಕುಡ್ಯಾಕ ಹೊಂಟ್ರೂ ಆಕಿನ್ನ ಕರಕೊಂಡ ಹೋಗಬೇಕಾಗೇತಿ."

ನಾನು ಪಾನಾ ಎತ್ತಿಕೊಂಡೆ. ವೈನಿ ಕುಳಿತಲ್ಲಿಂದಲೇ ಕೈ ಎತ್ತಿದರು.

"ಕೈ ಹಚ್ಚಬ್ಯಾಡ್ರಿ ಮಿಸ್ತ್ರಿಯವರ. ಇಷ್ಟು ವರ್ಷ ಒಬ್ಬಾಂವನ ಊರೂರು ತಿರಗ್ಯಾನ. ಈಗ ನನ್ನ ಬಿಟ್ಟು ಗಾಡಿ ಅಂಗಳಾ ದಾಟಂಗಿಲ್ಲ. ಆಗೂದಾದ್ರ ಇನ್ನೊಂದೀಟು ಕೊಸರು ತಗೀರಿ!"