ಅಮ್ಮಚ್ಚಿ ಪ್ಲಗ್ ಕಿತ್ತ ಮಧ್ಯಾಹ್ನ

ನಮ್ಮ ಮನೆಯ ಹೊಸ್ತಿಲನ್ನು ವಿಂಡೋಸ್ ದಾಟಕೂಡದು ಎಂಬುದು ನನ್ನ ಘನಪ್ರತಿಜ್ಞೆ! ಕೇರಳದ ಇರಿಂಞಾಲಕುಡದ ಶಾಲೆಯಲ್ಲಿ ಮಕ್ಕಳಿಗೆ ವಿಂಡೋಸಿನ ಎದುರಾಳಿ ಲಿನಕ್ಸ್ ಕಲಿಸುವ ಡೇವಿಸ್ ಮಾಸ್ತರ, ಅಂದರೆ ನನ್ನ, ಮನೆಯಲ್ಲಿ ವಿಂಡೋಸೇ? ಛೆ!

ಆದರೆ ಹೆಂಡತಿ ಜಿನ್ಸಿ ಕಸೂತಿ ಯಂತ್ರ ತಂದಳು. ಅದರ ನಕ್ಷೆ ತಯಾರಿಸುವ ತಂತ್ರಾಂಶ ಓಡುವುದು ವಿಂಡೋಸಿನಲ್ಲಿ ಮಾತ್ರ. ಎದುರುಮನೆ ಆನ್ಸಿಯ ಮದುವೆ ನಾಳೆ; ವರನ ಕಡೆಯವರು ಅವಳಿಗೆ ಕೊಡುವ ಮಂತ್ರಕೋಡಿ ಸೀರೆಯ ರವಿಕೆ ಇನ್ನೂ ಬೋಳು.

"ಚೇಟ್ಟಾ, ನಕ್ಷೆ ಪೇಟೇಲಿ ಮಾಡಿಸ್ಕೊಂಡು ಬರ್ಲಾ?" ಎಂದಳು ಜಿನ್ಸಿ.

"ಯಾಕೆ? ಲಿನಕ್ಸ್ ಹೊಟ್ಟೆಯೊಳಗೇ ವಿಂಡೋಸನ್ನ ಕೂಡಿಹಾಕಿ ದುಡಿಸ್ತೀನಿ, ನೋಡ್ತಿರು!"

ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ಈ ವಿದ್ಯೆಗೆ ವರ್ಚುವಲೈಸೇಶನ್ ಎಂದು ಹೆಸರು. ಶುರು ಮಾಡಿದೆ. ‘ವರ್ಚುವಲೈಸೇಶನ್ ಆಫ್ ಆಗಿದೆ’ ಎಂದಿತು ಪರದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸಿಗೆ ನುಗ್ಗಿ ಆನ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಆಫ್! ಮತ್ತೆ ನುಗ್ಗಿ ನೋಡಿದರೆ ಬಯಾಸಿನಲ್ಲಿ ಆನ್ ಎಂದೇ ಇದೆ. ಮತ್ತೆ ರೀಸ್ಟಾರ್ಟ್. ಮತ್ತೆ ಆಫ್! ಊಟ ತಣ್ಣಗಾಯಿತು, ಜಿನ್ಸಿ ಬಿಸಿಯಾದಳು.

"ಒಂದ್ಸಲ ಪೂರ್ತಿ ಆರಿಸಿ ನೋಡಬಾರ್ದಾ?"

"ಆರಿಸೋದಾ? ಕಳೆದ ಓಣಂನಿಂದ ಇದನ್ನ ಆರಿಸೇ ಇಲ್ಲ! ಲಿನಕ್ಸ್ ಕಣೇ ಇದು!"

"ಆನ್ಸಿ ಬಂದು ಅತ್ರೆ ನೀವೇ ಸಮಾಧಾನ ಮಾಡಿ!"

ಅಷ್ಟರಲ್ಲಿ ತುಲಾಮಾಸದ ಗುಡುಗು ಶುರುವಾಯಿತು. ಗುಡುಗಿತೆಂದರೆ ಜಿನ್ಸಿಯ ಅಮ್ಮಚ್ಚಿ, ನಮ್ಮತ್ತೆ ತ್ರೇಸ್ಯಮ್ಮ, ಶಿಲುಬೆ ಗುರುತು ಹಾಕಿಕೊಂಡು ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತಾರೆ. ಟಿವಿ ಆಯಿತು, ಫ್ರಿಜ್ ಆಯಿತು. ಇನ್ವರ್ಟರಿಗೆ ಕಟ್ಟಿದ ನನ್ನ ಕಂಪ್ಯೂಟರನ್ನು ಮಾತ್ರ ಮುಟ್ಟಕೂಡದೆಂದು ಆಣೆ ಹಾಕಿಸಿದ್ದೆ. ಆದರೆ ಅಂದಿನ ಸಿಡಿಲು ಮನೆಯ ತೆಂಗಿನ ಮೇಲೇ ಬಿದ್ದಂತಿತ್ತು. ಅತ್ತೆ ಆಣೆ ಮರೆತು ಒಳಗೆ ಓಡಿಬಂದರು.

"ಅಮ್ಮಚ್ಚೀ, ಬೇಡ!"

"ಇದು ನಿನ್ನ ಕಂಪ್ಯೂಟರ್ ಅಂತ ಸಿಡಿಲಿಗೆ ಗೊತ್ತಾ, ಮೋನೇ?"

ಸರ್ರನೆ ಕಿತ್ತರು! ಪರದೆ ಕಪ್ಪಾಯಿತು. ನನಗೆ ಅಳುವೇ ಬಂತು.

ಮಳೆ ನಿಂತ ಮೇಲೆ ಜಿನ್ಸಿಯೇ ಪ್ಲಗ್ ಹಾಕಿ ಗುಂಡಿ ಒತ್ತಿದಳು. ವರ್ಚುವಲೈಸೇಶನ್ ಆನ್! ಲಿನಕ್ಸಿನೊಳಗೆ ವಿಂಡೋಸ್ ತಣ್ಣಗೆ ಎದ್ದು ಕೂತಿತು. ಕಂಪ್ಯೂಟರಿನ ಕೈಪಿಡಿ ಆಮೇಲೆ ತೆಗೆದು ನೋಡಿದೆ: ಬಯಾಸಿನ ಈ ಬದಲಾವಣೆ ಜಾರಿಗೆ ಬರಲು ರೀಸ್ಟಾರ್ಟ್ ಸಾಲದು, ಕರೆಂಟು ಪೂರ್ತಿ ತೆಗೆದು ಮತ್ತೆ ಕೊಡಬೇಕು.

ಸಂಜೆಯೊಳಗೆ ರವಿಕೆಗೆ ಚಿನ್ನದ ಬಳ್ಳಿ ಹಬ್ಬಿತು. ಆನ್ಸಿ ಬಂದು ಜಿನ್ಸಿಯನ್ನು ಅಪ್ಪಿಕೊಂಡಳು. ಗಂಟಲು ಸರಿಮಾಡಿಕೊಂಡು, "ಅಸಲಿಗೆ ಬಯಾಸಿನಲ್ಲಿ ನಾನು..." ಎಂದು ಶುರು ಮಾಡಿದೆ.

ಅತ್ತೆ ಬೆನ್ನು ತಟ್ಟಿದರು.

"ಇನ್ನೊಂದ್ಸಲ ಕೆಟ್ರೆ ಗುಡುಗೋ ತನಕ ಕಾಯಬೇಡ ಮೋನೇ, ನನ್ನ ಕರಿ."