ಶುಕ್ರವಾರದ ಊಟದಿಂದ ಎರಡನೇ ಮಹಾಯುದ್ಧವನ್ನು ತೆರವುಗೊಳಿಸುವ ಬಗ್ಗೆ

ಇಂದ:
ಲತೇಶ್, ಸ್ಟೋರ್ ಕೀಪರ್,
ಕಂಪನಿ ಕ್ಯಾಂಪು, ಉಮ್ಮ್ ಸಲಾಲ್.

ಗೆ:
ಕುಮಾರಿ ಪ್ರಾರ್ಥನಾ, ಐದನೇ ತರಗತಿ,
ರೇಷನ್ ಅಧಿಕಾರಿ (ಸ್ವಯಂ ನೇಮಕ), ಅಲ್ ವಕ್ರಾ.

ಮುಖಾಂತರ: ಶ್ರೀಮತಿ ಅಮಿತಕ್ಕ, ಸದರಿ ಅಧಿಕಾರಿಯವರ ತಾಯಿ. (ಅಧಿಕಾರಿಯವರಿಗೆ ಕನ್ನಡ ಓದಲು ಬಾರದ ಕಾರಣ ಅಕ್ಕನೇ ಓದಿ ಹೇಳುವುದು.)

ವಿಷಯ: ಯುದ್ಧವನ್ನು ಬರುವ ಶುಕ್ರವಾರದೊಳಗೆ ಮುಗಿಸಿಕೊಡುವ ಕುರಿತು.

ಉಲ್ಲೇಖ: 1. ತಮ್ಮ ಶಾಲೆಯ ಹಿಸ್ಟರಿ ಪ್ರಾಜೆಕ್ಟು. 2. ಕಳೆದ ವಾರದ ಮೀನಿಲ್ಲದ ಮೀನು.

ಮಾನ್ಯ ಅಧಿಕಾರಿಗಳೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನು ಈ ಕೊಲ್ಲಿ ದೇಶದಲ್ಲಿ ಹೆಂಡತಿ ಮಕ್ಕಳಿಲ್ಲದ ಬಡಪಾಯಿ. ವಾರವಿಡೀ ಕ್ಯಾಂಪಿನ ಮೆಸ್ಸಿನಲ್ಲಿ ಕುಬ್ಬೂಸು ರೊಟ್ಟಿ, ದಾಲು. ಶುಕ್ರವಾರ ಮಾತ್ರ, ಊರಿನವನೆಂಬ ಒಂದೇ ಕಾರಣಕ್ಕೆ, ಪಿಕಪ್ ಡ್ರೈವರ್ ದುಗ್ಗಣ್ಣನ ಜೊತೆ ತಮ್ಮ ಮನೆಯಲ್ಲಿ ಊಟ. ಆ ಊಟದ ಆಸೆಯಿಂದಲೇ ಉಳಿದ ದಿನಗಳು ಹೇಗೋ ಕಳೆಯುತ್ತವೆ.

2. ಯುದ್ಧಕಾಲದ ಇಂಗ್ಲೆಂಡಿನ ರೇಷನ್ ಅಡುಗೆ ಒಂದನ್ನು ಮಾಡಿ ಫೋಟೋ ತರಬೇಕೆಂದು ತಮ್ಮ ಟೀಚರು ಹೇಳಿದ್ದರು. ಅದರಂತೆ ಅಕ್ಕ ಕ್ಯಾರೆಟ್ಟು, ಬಟಾಟೆ, ಓಟ್ಸುಗಳ ಒಂದು ಮುದ್ದೆ ಮಾಡಿದರು. ಆ ಮನೆಯಲ್ಲಿ ತೆಂಗಿನಕಾಯಿ ಒಡೆಯದೆ ಮಧ್ಯಾಹ್ನವಾದದ್ದು ಅದೇ ಮೊದಲು. "ಹೇಗುಂಟು?" ಎಂದು ಅಕ್ಕ ಕೇಳಿದಾಗ ಅರ್ಜಿದಾರನು "ಫಸ್ಟ್ ಕ್ಲಾಸ್ ಅಕ್ಕ, ವಾರ ವಾರ ಮಾಡ್ಬಹುದು" ಎಂದನು. ಇದು ದಾಕ್ಷಿಣ್ಯದ ಮಾತು. ಹಿಂದೊಮ್ಮೆ ಆಲ್ಬರ್ಟ್ ಎಂಬವರು ಸಾರಿಗೆ ಉಪ್ಪು ಕಡಿಮೆ ಎಂದಿದ್ದರು. ಆ ಮೇಲೆ ಅವರನ್ನು ಆ ಮೇಜಿನಲ್ಲಿ ಕಂಡವರಿಲ್ಲ.

3. ಕಾರಣ, ತಾವು ಆ ಮಾತನ್ನೇ ಆಜ್ಞೆ ಎಂದು ತಿಳಿದು, ಶುಕ್ರವಾರಕ್ಕೊಂದು ವರ್ಷದಂತೆ ಯುದ್ಧವನ್ನು ಮುಂದುವರಿಸಿದಿರಿ. ಎಲ್ಲರಿಗೂ ಕಾರ್ಡು ಮಾಡಿಕೊಟ್ಟಿರಿ. ತಲೆಗೆ ವಾರಕ್ಕೊಂದು ಮೊಟ್ಟೆ, ಅತಿಥಿಗೆ ಅದರಲ್ಲೂ ಅರ್ಧ. ತಮ್ಮ ತಂದೆ ವಿಕಾಸಣ್ಣ ಅಂದಿನಿಂದ ಶುಕ್ರವಾರ ಉಪವಾಸ ಹಿಡಿದಿದ್ದಾರೆ. ಯಾವ ದೇವರಿಗೆ ಎಂದು ಕೇಳಿದರೆ ಹೇಳುವುದಿಲ್ಲ.

4. ಕಳೆದ ವಾರ ಅಕ್ಕಿಹಿಟ್ಟನ್ನು ಹಾಲಿನಲ್ಲಿ ಕಾಯಿಸಿ, ಮೀನಿನ ಆಕಾರಕ್ಕೆ ತಟ್ಟಿ, ಕಣ್ಣಿನ ಜಾಗಕ್ಕೆ ಕಾಳುಮೆಣಸು ಇಟ್ಟು ಬಡಿಸಲಾಯಿತು. ಇದು ನಡೆದದ್ದು ಮೀನಿನ ದೋಣಿಗಳು ಬಂದು ನಿಲ್ಲುವ ವಕ್ರಾದಲ್ಲಿ! ದುಗ್ಗಣ್ಣ ಹುಟ್ಟಿದ್ದೇ ಮೀನು ಹಿಡಿಯುವವರ ಮನೆಯಲ್ಲಿ. ಅವರು ಅದನ್ನು ಬಹಳ ಹೊತ್ತು ನೋಡಿ, "ಮುಳ್ಳಿಲ್ಲ, ಅದೊಂದು ಲಾಯ್ಕುಂಟು" ಎಂದರು. ಅಕ್ಕ "ಇನ್ನೊಂದು ಹಾಕ್ಲಾ?" ಎಂದಾಗ ಇಬ್ಬರೂ ಹಾಕಿಸಿಕೊಂಡೆವು. ವಾಪಸು ಬರುವಾಗ ದುಗ್ಗಣ್ಣ ಪಿಕಪ್ಪನ್ನು ಶವರ್ಮಾ ಅಂಗಡಿಯ ಎದುರು ನಿಲ್ಲಿಸಿ, "ನೀನು ಹಾಕಿಸಿಕೊಂಡೆ ಅಂತ ನಾನೂ ಹಾಕಿಸಿಕೊಂಡದ್ದು ಮಾರಾಯ, ನಿಂಗೆ ಬುದ್ಧಿ ಎಲ್ಲುಂಟು?" ಎಂದು ಬೈದರು.

5. ಈಗ 1943 ನಡೆಯುತ್ತಿದೆ, 1945 ಬಂದರೆ ಪಾರಾದೆವು ಎಂದು ಅರ್ಜಿದಾರನು ಲೆಕ್ಕ ಹಾಕಿದ್ದನು. ಆದರೆ ತಾವು, "ನೋ ಮಾಮ, ವಾರ್ ಫಿನಿಶ್ ಆದ್ರೂ ರೇಷನ್ ಫಿನಿಶ್ ಆಗಿಲ್ಲ. ನೈಂಟೀನ್ ಫಿಫ್ಟಿಫೋರ್ ತನಕ ಉಂಟು. ಬ್ರೆಡ್ಡಿಗೆ ರೇಷನ್ ಸ್ಟಾರ್ಟ್ ಆದದ್ದೇ ಆಮೇಲೆ" ಎಂದಿರಿ. ಗೆದ್ದವರ ಗತಿಯೇ ಹೀಗಾದರೆ ಊಟಕ್ಕೆ ಬಂದವರ ಗತಿ ಏನು?

6. (ಅಕ್ಕ, ಇದನ್ನು ಮಗುವಿಗೆ ಓದಿ ಹೇಳದೆ ದಾಟಿಸುವುದು.) ಆ ಮೀನಿಲ್ಲದ ಮೀನಿನ ದಿನ ನಾನು ತಟ್ಟೆ ಇಡಲು ಅಡುಗೆಮನೆಗೆ ಬಂದಾಗ, ಅಕ್ಕ, ತಾವು ಬಾಗಿಲ ಹಿಂದೆ ನಿಂತು ಗಂಜಿ, ಉಪ್ಪಿನಕಾಯಿ, ಹುರಿದ ಅಂಜಲ್ ಮೀನು ತಿನ್ನುತ್ತಿದ್ದಿರಿ. "ಬಾಗಿಲು ಹಾಕು ಮಾರಾಯ! ಆ ರೇಷನ್ ಅಡುಗೆ ನಂಗೆ ಗಂಟಲಲ್ಲಿ ಇಳಿಯುದಿಲ್ಲ. ನಿಮಗೆಲ್ಲ ಅಷ್ಟು ಇಷ್ಟ ಅಂತ ಮಾಡುದು. ದುಗ್ಗಣ್ಣನಿಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೊಳ್ತಾರೆ" ಎಂದು ಅರ್ಧ ತುಂಡು ಅಂಜಲನ್ನು ನನ್ನ ಕೈಗಿಟ್ಟಿರಿ. ನಾನು ಅದನ್ನು ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದ ಕಾರಣ ಸತ್ಯ ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ: ಇಷ್ಟ ಇಲ್ಲ ಅಕ್ಕ. ಯಾರಿಗೂ ಇಲ್ಲ.

ಆದ್ದರಿಂದ, ಮಾನ್ಯ ಅಧಿಕಾರಿಗಳು ದೊಡ್ಡ ಮನಸ್ಸು ಮಾಡಿ, ಮಿತ್ರಪಕ್ಷವನ್ನು ಈ ವಾರವೇ ಗೆಲ್ಲಿಸಿ, ತೆಂಗಿನಕಾಯಿ ಹಾಗೂ ಬ್ಯಾಡಗಿ ಮೆಣಸಿನ ಮೇಲಿನ ನಿರ್ಬಂಧವನ್ನು ತೆಗೆಯಬೇಕಾಗಿ ಕೋರಲಾಗಿದೆ.

ತಮ್ಮ ಮನೆಯ ಅನ್ನದ ಋಣದಲ್ಲಿರುವ ವಿಶ್ವಾಸಿ,
ಲತೇಶ್

ಲಗತ್ತುಗಳು:
ಅ) ಅತಿಥಿ ರೇಷನ್ ಕಾರ್ಡು, ಒಂದು. ಅರ್ಧ ಮೊಟ್ಟೆ ಬಾಕಿ ಇದೆ, ಬಿಟ್ಟುಕೊಟ್ಟಿದ್ದೇನೆ.
ಆ) ದುಗ್ಗಣ್ಣನ ಬೆಂಬಲ ಪತ್ರ. ಶುಕ್ರವಾರ ಕೈತಪ್ಪೀತೆಂದು ಹೆದರಿ ಅವರು ಸಹಿ ಹಾಕಿಲ್ಲ.
ಇ) ಅಂಜಲ್, ತುಂಡು ಮಾಡಿಸಿದ್ದು. ದಯವಿಟ್ಟು ಇದನ್ನು ಫೈಲಿನಲ್ಲಿ ಇಡದೆ ಫ್ರಿಜ್ಜಿನಲ್ಲಿ ಇಡುವುದು.

ವಿ.ಸೂ.: ಯುದ್ಧ ನಿಲ್ಲಿಸಲು ಸಾಧ್ಯವೇ ಇಲ್ಲವೆಂದಾದರೆ ಅರ್ಜಿದಾರನು 1954ರವರೆಗೂ ಬಂದು, ಬಡಿಸಿದ್ದನ್ನು ತಿನ್ನಲು ಸಿದ್ಧನಿದ್ದಾನೆ. ಕ್ಯಾಂಪಿನ ಮೆಸ್ಸಿನಲ್ಲಿ ಸೌಟು ಹಿಡಿದವನಿಗೆ "ಖಲಾಸ್" ಎಂಬುದೊಂದೇ ಮಾತು ಗೊತ್ತು. ಆದುದರಿಂದ ಅಕ್ಕ ಕೇಳುವ "ಇನ್ನೊಂದು ಹಾಕ್ಲಾ?" ಎಂಬುದಕ್ಕೆ ಮಾತ್ರ ಯಾವ ವರ್ಷದಲ್ಲಿಯೂ ರೇಷನ್ ತರಬಾರದಾಗಿ ವಿನಂತಿ.