ಅತ್ತೆಯ ಮನೆಗೆ ಬಂದ ಎರಡು ಟ್ಯಾಬು

ಒಂದು ವಸ್ತುವನ್ನು ನೋಡಿದ ಕೂಡಲೇ ಇದರ ವಿನ್ಯಾಸ ಒಳ್ಳೆಯದು ಅಥವಾ ಕೆಟ್ಟದ್ದು ಎಂದು ಹೇಳಬಲ್ಲವರು ಹಾವೇರಿಯಲ್ಲಿ ಹೆಚ್ಚು ಜನರಿಲ್ಲ. ನಾನೊಬ್ಬನಿದ್ದೇನೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ಚಹಾ ಕಪ್ಪಿನ ಹಿಡಿಕೆಯಿಂದ ಹಿಡಿದು ಬಸ್ ನಿಲ್ದಾಣದ ಬೆಂಚಿನವರೆಗೆ ಎಲ್ಲದರ ಬಗ್ಗೆಯೂ ನನಗೆ ಅಭಿಪ್ರಾಯವಿದೆ. ಅದನ್ನು ಯಾರೂ ಕೇಳುವುದಿಲ್ಲ ಎಂಬುದು ಬೇರೆ ಮಾತು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸುಮಾ ಕೇಳುತ್ತಿದ್ದಳು.

ಬ್ಯಾಡಗಿಯಲ್ಲಿರುವ ನಮ್ಮ ಅತ್ತೆಗೆ ಮೊಬೈಲಿನ ಅಕ್ಷರ ಕಾಣದಂತಾಗಿ, ಪ್ರವಚನ ನೋಡಲು ದೊಡ್ಡದೊಂದು ಟ್ಯಾಬು ಬೇಕೆಂದರು. ನಾನು ರಜೆಯ ದಿನಗಳನ್ನೆಲ್ಲ ಅಂಗಡಿಗಳಲ್ಲಿ ಕಳೆದು, ಹತ್ತಾರು ಟ್ಯಾಬುಗಳನ್ನು ತೂಗಿ, ತಿರುವಿ, ಅಂಚಿನ ಮೇಲೆ ಬೆರಳಾಡಿಸಿ, ಕೊನೆಗೆ ಒಂದನ್ನು ಆರಿಸಿದೆ. ತೆಳ್ಳಗೆ, ನುಣ್ಣಗೆ, ಎಲ್ಲಿಯೂ ಒಂದು ಗುಂಡಿಯೂ ಕಾಣದಂಥದ್ದು. ದುರದೃಷ್ಟವೆಂದರೆ ಅತ್ತೆ ಇದೇ ಮಾತನ್ನು ಕಿರಿಯ ಮಗಳಿಗೂ ಹೇಳಿದ್ದರು. ಹಾಗಾಗಿ ನನ್ನ ಷಡ್ಡಕ, ರಾಣೆಬೆನ್ನೂರಿನಲ್ಲಿ ಪೈಪಿನ ಅಂಗಡಿ ಇಟ್ಟಿರುವ ಈರಣ್ಣನೂ ಅದೇ ಭಾನುವಾರ ಒಂದು ಟ್ಯಾಬು ಹಿಡಿದು ಬಂದ. ಅದೋ, ಇಟ್ಟಂಗಿಯಷ್ಟು ದಪ್ಪ. ಪಕ್ಕದಲ್ಲಿ ಉಬ್ಬಿದ ಗುಂಡಿ. ಬಣ್ಣ ಪ್ಲಾಸ್ಟಿಕ್ ಬಕೆಟ್ಟಿನದು. ನನಗೆ ಒಳಗೊಳಗೇ ಖುಷಿಯಾಯಿತು. ಹಿರಿಯ ಅಳಿಯನ ಅಭಿರುಚಿ ಎಂಥದ್ದೆಂದು ಆ ಮನೆಗೆ ಇವತ್ತು ತಿಳಿಯುತ್ತದೆ ಎಂದುಕೊಂಡೆ.

ಅತ್ತೆ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಾನು ಎರಡು ಸಲ ಸೀನಿ, ವಿನ್ಯಾಸದ ಬಗ್ಗೆ ಚಿಕ್ಕದೊಂದು ಭಾಷಣ ಮಾಡಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಟ್ಯಾಬನ್ನು ಹಿಂದೆ ಮುಂದೆ ತಿರುಗಿಸಿದರು.

“ಚಂದ ಐತ್ರಿ. ಆದರ ಗುಂಡಿ ಎಲ್ಲೈತಿ?”

“ಗುಂಡಿ ಕಾಣದಂಗ ಮಾಡಿದ್ದ ಇದರ ಚಂದ ಅತ್ತಿ,” ಎಂದೆ.

“ಬಾಗಲ ಕಾಣದಂಗ ಮನಿ ಕಟ್ಟಿದ್ರ ಒಳಗ ಹೆಂಗ ಹೋಗೂದ್ರಿ ಅಳಿಯಾರ?”

ಈರಣ್ಣ ನಗಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಇಣುಕಿ, ಇಟ್ಟಂಗಿಯನ್ನು ಕಂಡು, “ಅಯ್ಯ, ನಮ್ಮನ್ಯಾಗೂ ಇದ ಐತಿ. ನೀಲವ್ವನ ಮನ್ಯಾಗೂ ಇದ,” ಎಂದು ಗುಂಡಿ ಒತ್ತಿಯೇಬಿಟ್ಟಳು. ಪ್ರವಚನ ಶುರುವಾಯಿತು. ನನ್ನದು ಬಾಯಿ ಮುಚ್ಚಿಕೊಂಡು ಅತ್ತೆಯ ತೊಡೆಯ ಮೇಲೆ ಮಲಗಿತ್ತು.

ಅತ್ತೆ ನನ್ನ ಮುಖ ನೋಡಿ ಸಮಾಧಾನದ ದನಿಯಲ್ಲಿ ಹೇಳಿದರು: “ನಿಮ್ದ ಚೊಲೋ ಐತ್ರಿ, ನಾ ಇಲ್ಲ ಅನ್ನೂದಿಲ್ಲ. ಆದರ ಅದು ನಿಂತ್ರ ನಾ ಹಾವೇರಿ ಬಸ್ ಹತ್ತಬೇಕು. ಇದು ನಿಂತ್ರ ಗಂಗವ್ವನ್ನ ಕೂಗಿದ್ರ ಸಾಕು.”

ಮರಳಿ ಬರುವಾಗ ಬಸ್ಸಿನಲ್ಲಿ ಸುಮಾಗೆ ನಾನು ಸ್ಪಷ್ಟವಾಗಿ ಹೇಳಿದೆ: ಸೋತದ್ದು ನನ್ನ ಟ್ಯಾಬಲ್ಲ, ಗೆದ್ದದ್ದು ಈರಣ್ಣನ ಟ್ಯಾಬೂ ಅಲ್ಲ, ಗೆದ್ದದ್ದು ಗಂಗವ್ವ. “ಅವ್ವನ್ನ ಮೊದಲ ಒಂದ್ ಮಾತು ಕೇಳಬೇಕಿತ್ತು. ಈರಣ್ಣ ಫೋನ್ ಮಾಡಿ ಕೇಳಿದ್ನಂತ,” ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ.

ಟ್ಯಾಬು ನನಗೇ ಉಳಿಯಿತು. ತಿಂಗಳೊಪ್ಪತ್ತಿನಲ್ಲಿ ಈರಣ್ಣನ ಫೋನು ಬಂತು. “ಮಾಸ್ತರ, ಖರೇ ಹೇಳ್ತೇನಿ. ಅವತ್ತ ನಿಮ್ದ ಕೈಯಾಗ ಹಿಡದಾಗಿಂದ ಮನಸ್ಸು ಅದರ ಮ್ಯಾಲ ಐತಿ. ನಾನೂ ಅಂಥದ್ದ ಒಂದ ತಗೊಂಡೇನಿ.” ಆ ದಿನ ನಾನು ಸುಮಾಗೆ ಈ ಸುದ್ದಿಯನ್ನು ಮೂರು ಬಾರಿ ಹೇಳಿದೆ. ಒಳ್ಳೆಯ ವಿನ್ಯಾಸ ತಡವಾಗಿಯಾದರೂ ಗೆಲ್ಲುತ್ತದೆ ಎಂದೂ ಸೇರಿಸಿದೆ.

ಈಗ ನನಗೆ ಗೊತ್ತಿರುವಂತೆ ಈ ಟ್ಯಾಬು ಇರುವುದು ನಮ್ಮಿಬ್ಬರ ಬಳಿ ಮಾತ್ರ. ನನ್ನದು ನಿಂತರೆ ನಾನು ಅವನಿಗೆ ಫೋನ್ ಮಾಡುತ್ತೇನೆ. ಅವನದು ನಿಂತರೆ ಅವನು ನನಗೆ. ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯದು. ನಿಂತಾಗಲೂ ಅದು ಎಷ್ಟು ಚಂದ ಕಾಣುತ್ತದೆ ಎಂದು ಬಹಳ ಹೊತ್ತು ಮಾತಾಡಿ ಫೋನ್ ಇಡುತ್ತೇವೆ.